ಬೆಚ್ಚಗಿನ ಕಾಲು

ದೆವ್ವ ಮುಟ್ಟಿದರೆ ತಣ್ಣಗಿರುತ್ತದೆ ಅಂತಾರೆ. ಹೇಳುವವರಿಗೇನು, ಮುಟ್ಟಿ ನೋಡಿದವರು ಯಾರು? ಕೀಲಮ್ಮನನ್ನು ಹನ್ನೊಂದು ವರ್ಷ ಬಿಡದೆ ಕಾಡಿದ ದೆವ್ವ ಬೆಚ್ಚಗಿತ್ತು. ಅದಕ್ಕೆ ಮುಖ ಇರಲಿಲ್ಲ, ದನಿ ಇರಲಿಲ್ಲ. ಇದ್ದದ್ದು ಒಂದು ಬಲಗಾಲು, ಅದೂ ಮೀನಖಂಡದಿಂದ ಕೆಳಗೆ ಮಾತ್ರ. ಪಾತ್ರೆ ತೊಳೆಯುವಾಗಲೋ, ಬಸ್ಸಿನ ಕಂಬಿ ಹಿಡಿದು ನಿಂತಾಗಲೋ, ಹಾಡುಹಗಲಲ್ಲೇ ಅದು ಬಂದು ಅವಳ ಅಂಗೈಯಲ್ಲಿ ಕೂರುತ್ತಿತ್ತು. ಹಿಮ್ಮಡಿಯ ಭಾರ ಕೂಡ ಗೊತ್ತಾಗುತ್ತಿತ್ತು. ಅವಳು ಥಟ್ಟನೆ ಕೈ ಕೊಡವುವಳು. ಗಂಡ ನೋಡಿ, “ಏನೇ, ಇರುವೆ ಕಚ್ಚಿತಾ?” ಅನ್ನುವರು. “ಹೂಂ ರೀ, ಇರುವೆ” ಅನ್ನುವಳು. ಒಂದೇ ಇರುವೆ ಹನ್ನೊಂದು ವರ್ಷ ಕಚ್ಚಿದ್ದು ಎಲ್ಲಾದರೂ ಉಂಟೆ? ಆದರೆ ಗಂಡ ಒಳ್ಳೆಯವರು, ಕೆದಕಿ ಕೇಳುವವರಲ್ಲ.

ಕೀಲಮ್ಮ ಅನ್ನುವುದು ಮನೆಯವರು ಇಟ್ಟ ಹೆಸರಲ್ಲ. ಅವಳು ಆ ಊರಿನ ದೊಡ್ಡಾಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಅಷ್ಟುದ್ದದ ಪದ ಮಕ್ಕಳ ಬಾಯಲ್ಲಿ ಹೊರಳಬೇಕಲ್ಲ. ಕೀಲು ಕೀಲು ಹಿಡಿದು ನೋಡುವ ಅಮ್ಮ ಅಂತ ಯಾವುದೋ ಮಗು ಶುರು ಮಾಡಿದ್ದು, ಕಡೆಗೆ ಆಸ್ಪತ್ರೆಯ ಹಿರಿಯ ಡಾಕ್ಟರೂ “ಕೀಲಮ್ಮನ ಹತ್ತಿರ ಕಳಿಸಿ” ಅನ್ನುವಲ್ಲಿಗೆ ಬಂತು. ಅವಳ ಕೋಣೆ ನೆಲಮಾಳಿಗೆಯಲ್ಲಿ. ಹಸಿರು ಚಾಪೆಗಳು, ಮಕ್ಕಳ ಅಂಗೈ ಸವರಿ ಸವರಿ ಹೊಳಪು ಬಂದ ಎರಡು ಕಂಬಿಗಳು, ಛಾವಣಿಗೆ ತಾಗಿದಂತೆ ಒಂದು ಕಿಟಕಿ. ಆ ಕಿಟಕಿಯಲ್ಲಿ ರಸ್ತೆಯ ಜನರ ಕಾಲು ಮಾತ್ರ ಕಾಣುತ್ತಿತ್ತು. ಮೂವತ್ತು ವರ್ಷ ಅವಳು ಊರನ್ನು ನೋಡಿದ್ದು ಮಂಡಿಯಿಂದ ಕೆಳಗೆ. ಯಾರ ಸೊಂಟ ಹಿಡಿದಿದೆ, ಯಾರಿಗೆ ಹೊಸ ಚಪ್ಪಲಿ ಕಚ್ಚುತ್ತಿದೆ, ಎಲ್ಲ ಕೂತಲ್ಲೇ ಹೇಳುವಳು.

ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಸೆರೆಬ್ರಲ್ ಪಾಲ್ಸಿ ಇದ್ದ ಮಕ್ಕಳು. ಹುಟ್ಟುವ ಹೊತ್ತಿನಲ್ಲೋ ಅದರ ಹಿಂದುಮುಂದೆಯೋ ಮಿದುಳಿಗೆ ಬಿದ್ದ ಪೆಟ್ಟಿನಿಂದ ಕೈಕಾಲು ಹೇಳಿದ ಮಾತು ಕೇಳದವರು. ಕಾಲು ಬಿಗಿದುಕೊಳ್ಳುತ್ತದೆ, ಹಿಮ್ಮಡಿ ನೆಲಕ್ಕೆ ಊರುವುದಿಲ್ಲ, ಬೆರಳ ತುದಿ ನೆಲ ಕೆರೆಯುತ್ತದೆ. ಬಿಸಿನೀರಿಗೆ ಆ ಬಿಗಿತ ಒಂದಷ್ಟು ಹೊತ್ತು ಸಡಿಲವಾಗುವುದುಂಟು. ಅದಕ್ಕೇ ಕೀಲಮ್ಮ ತಾಯಂದಿರಿಗೆ ಹೇಳುತ್ತಿದ್ದಳು, “ಬರೋ ಮುಂಚೆ ಅರ್ಧ ಗಂಟೆ ಬಿಸಿನೀರಲ್ಲಿ ಕಾಲಿಡಿಸಿ, ನನಗೂ ಸಲೀಸು, ಮಗೂಗೂ ಸಲೀಸು.” ಸಡಿಲವಾಗಿ ಬಂದ ಕಾಲಿಗೆ “ಭೇಷ್!” ಸಿಗುತ್ತಿತ್ತು. ಬಿಗಿದುಕೊಂಡು ಬಂದ ಕಾಲಿಗೆ “ಏನಪ್ಪಾ ಇದು?” ಹೀಗೆ ಒಂದು ತಲೆಮಾರಿನ ಮಕ್ಕಳು ಒಂದು ಪಾಠ ಕಲಿತರು. ಡಾಕ್ಟರ ಕೈಗೆ ಕಾಲು ಕೊಡುವಾಗ ಅದನ್ನು ಆದಷ್ಟು ಚೆನ್ನಾಗಿ ಮಾಡಿ ಕೊಡಬೇಕು. ಈ ಪಾಠವನ್ನು ಕೀಲಮ್ಮ ಒಬ್ಬಳೇ ಕಲಿಸಿದ್ದಲ್ಲ. ಇಂಥ ನೆಲಮಾಳಿಗೆಗಳು ಎಲ್ಲ ದೇಶಗಳಲ್ಲೂ ಇವೆ.

ಹನ್ನೊಂದು ವರ್ಷದ ಹಿಂದೆ ಆ ಊರಿನ ಕ್ರೀಡಾಂಗಣದಲ್ಲಿ ಸೆರೆಬ್ರಲ್ ಪಾಲ್ಸಿ ಇರುವವರ ಅಂತಾರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿ ನಡೆಯಿತು. ಹನ್ನೆರಡು ದೇಶಗಳ ತಂಡಗಳು. ಒಂದೊಂದು ಕಡೆ ಏಳೇ ಜನ, ಮೈದಾನ ಕೊಂಚ ಚಿಕ್ಕದು, ಗೋಲು ಚಿಕ್ಕದು, ಆಫ್‌ಸೈಡ್ ಕಿರಿಕಿರಿ ಇಲ್ಲ. ಗೆರೆ ದಾಟಿದ ಚೆಂಡನ್ನು ಎರಡು ಕೈ ಎತ್ತಿ ಎಸೆಯಲಾಗದವನು ಒಂದೇ ಕೈಯಲ್ಲಿ ಉರುಳಿಸಿಬಿಟ್ಟರೂ ನಡೆಯುತ್ತದೆ. ಅಯ್ಯೋ ಪಾಪ ಅನ್ನಲು ಹೋಗಿ ಕೂತ ಜನ ಹತ್ತೇ ನಿಮಿಷದಲ್ಲಿ ಎದ್ದು ನಿಂತು ರೆಫರಿಗೆ ಬಯ್ಯತೊಡಗಿದ್ದರು. ಅಷ್ಟು ಚೆನ್ನಾಗಿ ಆಡುತ್ತಿದ್ದರು.

ಆಟಕ್ಕೆ ಮುಂಚೆ ಪ್ರತಿಯೊಬ್ಬ ಆಟಗಾರನನ್ನೂ ಮೇಜಿನ ಮೇಲೆ ಮಲಗಿಸಿ ನೋಡಬೇಕು. ಯಾರಿಗೆ ಎಷ್ಟು ಬಿಗಿತ ಅಂತ ಅಳೆದು ಮೂರು ವರ್ಗಗಳಾಗಿ ವಿಂಗಡಿಸಬೇಕು. ಬಿಗಿತವೇ ಇಲ್ಲದವನು ಆಡುವ ಹಾಗಿಲ್ಲ. ಈ ಕೆಲಸಕ್ಕೆ ಮೂವರ ಮಂಡಳಿ: ಒಬ್ಬ ನರದ ಡಾಕ್ಟರು, ಆಟ ಬಲ್ಲ ಒಬ್ಬ ಮಾಸ್ತರು, ಮೂರನೆಯವಳು ಕೀಲಮ್ಮ. ಎಂದಿನ ಕಾಲುಗಳೇ, ಆದರೆ ಅವಳಿಗೆ ಮಂಡಳಿ ಹೊಸತು. ಮೂರು ದಿನ ತರಬೇತಿ ಕೊಟ್ಟಿದ್ದರು. ಬಿಗಿತವಿಲ್ಲದವನು ಬಂದು ಕುಂಟುವ ಹಾಗೆ ನಟಿಸಿದರೆ ಹಿಡಿಯುವುದು ಹೇಗೆ ಅನ್ನುವುದೇ ಬಹುಪಾಲು. ಇಲ್ಲದ್ದನ್ನು ತೋರಿಸುವ ಕಳ್ಳನ ಬಗ್ಗೆ ಎಷ್ಟೆಲ್ಲ ಕಲಿಸಿದರು! ಇದ್ದದ್ದನ್ನು ಮುಚ್ಚಿಕೊಂಡು ಬರುವ ಸಂಭಾವಿತನೊಬ್ಬ ಬಂದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಲಿಲ್ಲ.

ಅವನು ಬಂದ. ಗಡಿಯಾಚೆಯ ದೇಶದವನು, ಆದರೆ ಗಡಿಯ ಎರಡೂ ಕಡೆ ಮಾತು ಒಂದೇ. ಇಪ್ಪತ್ತೆರಡರ ಪ್ರಾಯ. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಕೂತು ಚೀಟಿ ಅಂಟಿಸುವ ಕೆಲಸ, ಅದಕ್ಕೇ ತಂಡದವರು ಅವನನ್ನು ರಟ್ಟಣ್ಣ ಅನ್ನುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಒದ್ದೆ ಮಾಡಿ ಬಾಚಿದ ತಲೆ. ಹೆಣ್ಣು ನೋಡಲು ಹೊರಟವನೂ ಅಷ್ಟು ಶಿಸ್ತಾಗಿ ಹೋಗಲಾರ. ಮೇಜು ಹತ್ತಿ ಮಲಗಿ, “ತಗೊಳ್ಳಿ ಮೇಡಂ” ಅಂತ ಬಲಗಾಲು ಚಾಚಿದ.

ಕೀಲಮ್ಮ ಕಾಲು ಕೈಗೆ ತೆಗೆದುಕೊಂಡಳು. ಬೆಚ್ಚಗಿತ್ತು, ಸೋಪಿನ ವಾಸನೆ ಬರುತ್ತಿತ್ತು. ಪಾದವನ್ನು ಫಕ್ಕನೆ ಮೇಲಕ್ಕೆ ಒತ್ತಿ ಹಿಡಿದಳು. ಬಿಗಿತವಿರುವ ಕಾಲಾದರೆ ಹಾಗೆ ಒತ್ತಿದಾಗ ಪಾದ ತನ್ನಷ್ಟಕ್ಕೆ ಟಕಟಕನೆ ಹೊಡೆದುಕೊಳ್ಳಬೇಕು. ಇದು ಒಂದು ಸಲ ಮಿಡಿಯಿತು, ಎರಡು ಸಲ ಮಿಡಿಯಿತು, ಸುಮ್ಮನಾಯಿತು. ಇನ್ನೊಮ್ಮೆ ಒತ್ತಿದಳು. ಅಷ್ಟೇ. ಅವನು ತಲೆ ಎತ್ತಿ ಅವಳ ಮುಖವನ್ನೇ ನೋಡುತ್ತಿದ್ದ. ವರ್ಷಗಟ್ಟಲೆ ನೆಲಮಾಳಿಗೆಯಲ್ಲಿ ನೋಡಿದ ನೋಟ ಅದು, ಮಾರ್ಕಿಗೆ ಕಾಯುವ ಮಗುವಿನದು. ಅವಳ ಬಾಯಿ ಅಭ್ಯಾಸಬಲದಿಂದ “ಭೇಷ್” ಅಂದುಬಿಟ್ಟಿತು.

ಅವನ ಕಾಲ್ಬೆರಳುಗಳ ತುದಿ ಬಿಳಿಚಿಕೊಂಡು ಸುಕ್ಕುಗಟ್ಟಿದ್ದನ್ನು ಅವಳು ನೋಡಿದಳು. ತುಂಬಾ ಹೊತ್ತು ನೀರಲ್ಲಿಟ್ಟ ಬೆರಳು ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. “ಬಿಸಿನೀರಲ್ಲಿ ಕಾಲಿಟ್ಟಿದ್ಯೇನಪ್ಪಾ?” ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಗಂಟೆ ಹನ್ನೆರಡೂವರೆ. ಹೊರಗಿನ ಬೆಂಚಿನಲ್ಲಿ ಇನ್ನೂ ಒಂಬತ್ತು ಜನ. ನರದ ಡಾಕ್ಟರು ಗಡಿಯಾರ ನೋಡಿಕೊಂಡರು. ಹೊಸಬಳು, ಮೊದಲ ದಿನವೇ ತಕರಾರು ಅಂದುಕೊಂಡಾರು ಅನ್ನಿಸಿತು. ಬಂದ ಮಾತು ಹಿಂದಕ್ಕೆ ಹೋಯಿತು. “ಪರೀಕ್ಷೆಯಲ್ಲಿ ಬಿಗಿತ ಕಂಡುಬಂದಿಲ್ಲ. ಅರ್ಹರಲ್ಲ” ಎಂದು ಬರೆದಳು. ಮೂವರೂ ಸಹಿ ಹಾಕಿದರು. ಹಾಗೆ ಬರೆದವರನ್ನು ಇನ್ನೊಂದು ಮಂಡಳಿಯೂ ನೋಡಬೇಕೆಂದು ನಿಯಮ. ಅವರು ಪಕ್ಕದ ಕೋಣೆಯಲ್ಲಿ ಅರ್ಧ ಗಂಟೆಯೊಳಗೆ ನೋಡಿದರು. ಕಾಲು ಇನ್ನೂ ಆರಿರಲಿಲ್ಲ. ಅವರೂ ಅದನ್ನೇ ಬರೆದರು.

ಮೂರನೆಯ ದಿನ ಮೈದಾನದಲ್ಲಿ ಚಳಿಗಾಳಿ ಬೀಸುತ್ತಿತ್ತು. ರಟ್ಟಣ್ಣ ತಂಡದ ಜಾಕೆಟ್ಟು ತೊಟ್ಟು ಪ್ರೇಕ್ಷಕರ ನಡುವೆ ಕೂತು ಗಂಟಲು ಹರಿಯುವಂತೆ ಕೂಗುತ್ತಿದ್ದ. ಪಂದ್ಯ ಮುಗಿದು ಅವನು ಮೆಟ್ಟಿಲಿಳಿದು ಬರುವುದನ್ನು ಕೀಲಮ್ಮ ಕೆಳಗೆ ನಿಂತು ಕಂಡಳು. ಬಲಮಂಡಿ ಒಳಕ್ಕೆ ತಿರುಗಿತ್ತು. ಹಿಮ್ಮಡಿ ಒಂದು ಮೆಟ್ಟಿಲಿಗೂ ತಾಗಲಿಲ್ಲ. ಷೂಸಿನ ತುದಿ ಮೆಟ್ಟಿಲು ಮೆಟ್ಟಿಲಿಗೂ ಕರ್‍ರ್, ಕರ್‍ರ್ ಅಂತ ಕೆರೆಯಿತು. ಇವನಿಗಿಂತ ಎಷ್ಟೋ ವಾಸಿ ಇದ್ದವರು ಆಗ ತಾನೇ ಮೈದಾನದಲ್ಲಿ ಆಡಿ ಬಂದಿದ್ದರು. ಅವನು ಅವಳನ್ನು ಕಂಡು ನಿಂತ, ಕೈ ಎತ್ತಿದ, ಹಲ್ಲು ಬಿಟ್ಟು ನಕ್ಕ.

ಆಗಲಾದರೂ ಬಾಯಿ ಬಿಡಬಹುದಿತ್ತು. ಪಂದ್ಯಾವಳಿ ಮುಗಿಯಲು ಇನ್ನೂ ನಾಲ್ಕು ದಿನ ಇತ್ತು. “ಇವನನ್ನ ಇನ್ನೊಂದ್ಸಲ ನೋಡ್ಬೇಕು” ಅಂದಿದ್ದರೆ ಸಾಕಿತ್ತು, ನೋಡಲೇಬೇಕಾಗಿತ್ತು. ಕೀಲಮ್ಮ ನಾಳೆ ಹೇಳೋಣ ಅಂದುಕೊಂಡಳು. ನಾಳೆ ತಲೆನೋವು ಅಂತ ಮನೆಯಲ್ಲಿ ಉಳಿದಳು. ನಾಡಿದ್ದು ಆ ತಂಡ ಸೋತು ಬಸ್ಸು ಹತ್ತಿ ಹೋಯಿತು. ಇದಕ್ಕೆ ಸಮಜಾಯಿಷಿ ಏನೂ ಇಲ್ಲ. ಹೇಡಿತನ, ಅಷ್ಟೇ.

ಅಂದಿನಿಂದ ಕಾಲು ಅಂಗೈಗೆ ಬರತೊಡಗಿತು. ಅದರ ಬೆನ್ನಿಗೇ ಆ ನಗು. ಅವನು ತನ್ನನ್ನು ಹಂಗಿಸಿಯೇ ನಕ್ಕದ್ದು ಎಂದು ಅವಳು ನಂಬಿದ್ದಳು. ನೆಲಮಾಳಿಗೆಯ ಕಿಟಕಿಯಲ್ಲಿ ದಿನಕ್ಕೆ ನೂರು ಕಾಲು ಹಾದುಹೋಗುತ್ತಿದ್ದವು. ಎಲ್ಲಾದರೊಂದು ಷೂಸು ನೆಲ ಕೆರೆಯಿತೋ, ಕೈಯಲ್ಲಿದ್ದ ಮಗುವಿನ ಕಾಲನ್ನು ಹಾಗೇ ಬಿಟ್ಟು ಕತ್ತೆತ್ತಿ ನೋಡುವಳು. ಅವನಲ್ಲ. ಯಾವತ್ತೂ ಅವನಲ್ಲ. “ಭೇಷ್” ಅನ್ನುವುದನ್ನು ಬಿಟ್ಟೇಬಿಟ್ಟಳು. ಮಕ್ಕಳು ಕಾದು ಕಾದು ಸಪ್ಪೆ ಮುಖ ಮಾಡಿ ಹೋಗುತ್ತಿದ್ದವು.

ಮಂಡಳಿಯನ್ನು ಮಾತ್ರ ಬಿಡಲಿಲ್ಲ. ಎಲ್ಲಿ ಪಂದ್ಯಾವಳಿ ನಡೆದರೂ ಹೋಗುವಳು. ಹೋದಲ್ಲೆಲ್ಲ ಅವಳದೊಂದು ಪದ್ಧತಿ ಬೆಳೆಯಿತು. ಯಾರೇ ಬರಲಿ, ಬರಿಗಾಲಲ್ಲಿ ಎರಡು ಗಂಟೆ ಹೊರಗಿನ ಬೆಂಚಿನಲ್ಲಿ ಕೂರಬೇಕು. “ಸ್ನಾನ ಎಷ್ಟೊತ್ತಿಗೆ ಮಾಡಿದೆ? ಬಿಸಿನೀರೋ ತಣ್ಣೀರೋ?” ಅಂತ ಕೇಳುವಳು, ಕಾಲು ಹಿಡಿಯುವ ಮುಂಚೆ ಬೆರಳಿನ ತುದಿ ಮುಟ್ಟಿ ನೋಡುವಳು. ಆಟಗಾರರು ಅದಕ್ಕೆ ಕಾಲು ಆರಿಸೋ ಬೆಂಚು ಅಂತ ಹೆಸರಿಟ್ಟು ನಗುತ್ತಿದ್ದರು. ನಗಲಿ ಬಿಡಿ ಅಂತ ಅವಳೂ ನಗುತ್ತಿದ್ದಳು. ಆ ಬೆಂಚಿನಿಂದ ಎಷ್ಟು ಜನರ ಆಟ ಉಳಿಯಿತೋ ಲೆಕ್ಕವಿಲ್ಲ. ದೆವ್ವ ಮಾತ್ರ ಈ ಪುಣ್ಯಕ್ಕೆಲ್ಲ ಸೊಪ್ಪು ಹಾಕಲಿಲ್ಲ.

ಈ ವರ್ಷ ಪಂದ್ಯಾವಳಿ ಮತ್ತೆ ಅದೇ ಊರಿಗೆ ಬಂತು. ಕಾಲೇಜೊಂದರ ವ್ಯಾಯಾಮಶಾಲೆಯಲ್ಲಿ ಮೇಜು ಹಾಕಿದ್ದರು. ನರದ ಡಾಕ್ಟರು ಅವರೇ, ತಲೆ ಮಾತ್ರ ಬೋಳಾಗಿತ್ತು. ಎರಡನೆಯ ದಿನ ಮಧ್ಯಾಹ್ನ, ವಸತಿಗೃಹದಿಂದ ಬಸ್ಸು ತಡವಾಗಿ ಬಂದ ತಂಡದ ಹೊಸ ಆಟಗಾರನೊಬ್ಬನನ್ನು ಬೆಂಚಿನಲ್ಲಿ ಕೂರಿಸದೆ ಸೀದಾ ಒಳಗೆ ಕರೆತಂದರು. ಬಡಗಿ ಕೆಲಸ ಮಾಡುವ ಇಪ್ಪತ್ತರ ತರುಣ. ಕೀಲಮ್ಮ ಕಾಗದದಲ್ಲಿ ಅವನ ವಯಸ್ಸು ಬರೆದುಕೊಳ್ಳುತ್ತಲೇ ಎಡಗೈಯಲ್ಲಿ ಕಾಲು ಹಿಡಿದಳು.

ಬೆಚ್ಚಗಿತ್ತು. ಸೋಪಿನ ವಾಸನೆ. ಬೆರಳ ತುದಿ ಸುಕ್ಕು.

ಕಾಲು ಅಂಗೈಗೆ ಬರುವುದು ಹೊಸದಲ್ಲ, ಆದರೆ ಅದಕ್ಕೊಂದು ಮೈ ಅಂಟಿಕೊಂಡು ಬಂದದ್ದು ಇದೇ ಮೊದಲು. ಕೊಡವಿದರೂ ಹೋಗುವಂಥದ್ದಲ್ಲ.

“ಚೆನ್ನಾಗಿ ಸಡಿಲ ಮಾಡಿಸಿ ಕರ್ಕೊಂಡು ಬಂದಿದ್ದೀನಿ ಮೇಡಂ,” ಅಂತ ಮೇಜಿನ ಆಚೆಯಿಂದ ದನಿ ಬಂತು. “ಮುಕ್ಕಾಲು ಗಂಟೆ ಬಿಸಿನೀರು. ನಿಮಗೆ ತೊಂದ್ರೆ ಆಗ್ಬಾರ್ದು ನೋಡಿ.”

ತಲೆ ಎತ್ತಿದಳು. ಕೂದಲು ತೆಳ್ಳಗಾಗಿತ್ತು, ಎಡಗೈ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಮಿಕ್ಕಂತೆ ಅವನೇ. ನೀರಿನ ಬಾಟಲಿಗಳ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ.

“ಅರೆ! ನೀವೇ ಅಲ್ವಾ?” ಅವನ ಮುಖ ಊರಗಲವಾಯಿತು. “ನನ್ನ ಗುರುತು ಸಿಗ್ಲಿಲ್ವಾ ಮೇಡಂ? ನನಗೆ ಭೇಷ್ ಅಂದಿದ್ರಿ. ವಾಸಿ ಆಗಿದೆ ಅಂತ ಬರೆದುಕೊಟ್ಟೋರು ನೀವೇ!”

“ಏನಂತ ಬರೆದುಕೊಟ್ಟೆ?”

“ಬಿಗಿತ ಕಂಡುಬಂದಿಲ್ಲ ಅಂತ. ದೊಡ್ಡ ಡಾಕ್ಟರು ಮೂರು ಜನ ಸೈನು, ಆಮೇಲೆ ಇನ್ನೂ ಮೂರು ಜನ. ಗಾಜು ಹಾಕಿಸಿ ಬಾಗಿಲ ಮೇಲೆ ತೂಗು ಹಾಕಿದ್ದೀವಿ. ಆಡೋಕ್ಕಾಗ್ಲಿಲ್ಲ ಅಂತ ಎರಡು ದಿನ ಬೇಜಾರಾಯ್ತು, ಸುಳ್ಳು ಹೇಳಲ್ಲ. ಆಮೇಲೆ ಅಮ್ಮನಿಗೆ ಓದಿ ಹೇಳಿದೆ ನೋಡಿ, ಅಮ್ಮ ಬೀದಿಯಲ್ಲಿ ಒಂದು ಮನೆ ಬಿಡಲಿಲ್ಲ. ನನ್ನ ಮಗನ ಕಾಲಲ್ಲಿ ಏನೂ ಇಲ್ವಂತೆ, ಪರದೇಶದಲ್ಲಿ ನೋಡಿ ಬರೆದುಕೊಟ್ಟಿದ್ದಾರೆ ಅಂತ.”

ಮೇಜಿನ ಮೇಲಿನ ಬಡಗಿ ನಕ್ಕ. ಕೀಲಮ್ಮ ನಗಲಿಲ್ಲ. ಆವತ್ತು ಮೆಟ್ಟಿಲ ಮೇಲಿನ ನಗು ಹಂಗಿಸುವ ನಗುವಾಗಿರಲಿಲ್ಲ, ಋಣ ತೀರಿಸುವ ನಗುವಾಗಿತ್ತು. ಇದು ಅದಕ್ಕಿಂತ ಸಾವಿರ ಪಾಲು ಘೋರ ಅನ್ನಿಸಿತು ಅವಳಿಗೆ.

“ಈಗ ಕಾಲು ಹೇಗಿದೆ?” ಅಂದಳು.

“ಕಾಲಿಗೇನ್ ಮೇಡಂ, ಕಾಲು ಸರಿಯಾಗೇ ಇದೆ. ನಾನೇ ಸರಿಯಿಲ್ಲ. ಸ್ವಲ್ಪ ಮೈಮರೆತ್ರೆ ಎಳೆದುಬಿಡುತ್ತೆ, ಹಳೇ ಅಭ್ಯಾಸ. ಕಾಗದ ನೋಡಿದ ಮೇಲೆ ಕಾರ್ಖಾನೆಯಲ್ಲೂ ಕೂರೋ ಕೆಲಸ ತೆಗೆದು ಲಾರಿಗೆ ಪೆಟ್ಟಿಗೆ ಏರಿಸೋ ಕಡೆ ಹಾಕಿದ್ರು. ಅವರು ಹೇಳಿದ್ದೂ ನ್ಯಾಯವೇ, ಏನೂ ಇಲ್ಲದವನಿಗೆ ಕೂತ್ಕೊಳ್ಳೋ ಕೆಲಸ ಯಾಕೆ? ಅಲ್ಲಿ ಬಿದ್ದು ಈ ಕೈ ಮುರೀತು. ಅಮ್ಮ ದಿನಾ ಬೈಯೋರು, ಕಾಲು ಎತ್ತಿ ನಡಿಯೋ ಸೋಮಾರಿ, ಏನೂ ಇಲ್ಲ ಅಂತ ಬರೆದಿದೆ ಅಂತ. ಹೋದ ವರ್ಷ ತೀರ್ಕೊಂಡ್ರು. ಈಗ ಬೈಯೋರಿಲ್ಲ, ನಾನೇ ಬೈಕೋತೀನಿ.”

ಅಷ್ಟು ಹೇಳಿ, ನಡೆದು ತೋರಿಸಿದ. ಮಂಡಿಯನ್ನು ಎದೆಯವರೆಗೆ ಎತ್ತಿ ಎತ್ತಿ ಇಡುತ್ತಿದ್ದ, ಕೆಸರಲ್ಲಿ ನಡೆಯುವವನ ಹಾಗೆ. ಆರು ಹೆಜ್ಜೆಗೆ ಹಣೆಯಲ್ಲಿ ಬೆವರು. ಏಳನೆಯದಕ್ಕೆ ಷೂಸಿನ ತುದಿ ನೆಲಕ್ಕೆ ತಗುಲಿತು. “ಥೂ!” ಅಂತ ತನ್ನ ತೊಡೆಗೆ ತಾನೇ ಒಂದು ಏಟು ಕೊಟ್ಟುಕೊಂಡ. ತಮಾಷೆಯ ಏಟಲ್ಲ ಅದು, ಚಟ್ ಅಂತ ಕೇಳಿಸಿತು.

“ಮತ್ತೆ ತಂಡದ ಜೊತೆ?” ಎಂದಳು.

“ವಾಸಿಯಾದೋರು ಆಡೋ ಹಾಗಿಲ್ವಲ್ಲ. ಚೆಂಡಿಗೆ ಗಾಳಿ ಹೊಡೆಯೋದು, ನೀರು ಕೊಡೋದು. ಹತ್ತಿರ ಇದ್ದ ಹಾಗಾಯ್ತು ಅಂತ.”

ಕೀಲಮ್ಮ ಬಡಗಿಯ ಕಾಗದದ ಮೇಲೆ ಅಡ್ಡಗೆರೆ ಎಳೆದು, “ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಬಾ. ಬಿಸಿನೀರಿನ ಹತ್ತಿರ ಸುಳಿಯಬೇಡ” ಅಂತ ಕಳಿಸಿಕೊಟ್ಟಳು. ಮರುದಿನ ಅವನ ಪಾದ ಒತ್ತಿದರೆ ನಿಲ್ಲಿಸಿದರೂ ನಿಲ್ಲದಷ್ಟು ಹೊಡೆದುಕೊಂಡಿತು. ಅವನಿಗೆ ನಡುವಿನ ವರ್ಗ ಸಿಕ್ಕಿತು. ಅದು ಸುಲಭದ ಕೆಲಸವಾಗಿತ್ತು.

ಬಡಗಿಯನ್ನು ಕಳಿಸಿದ ಆ ದಿನವೇ ಊಟದ ಹೊತ್ತಿಗೆ ಅವಳು ನರದ ಡಾಕ್ಟರ ಎದುರು ತಟ್ಟೆ ಇಟ್ಟುಕೊಂಡು ಕೂತಳು. “ಡಾಕ್ಟ್ರೇ, ಆವತ್ತು ಆ ರಟ್ಟಣ್ಣನ ಬೆರಳು ಸುಕ್ಕಾಗಿದ್ದದ್ದು ನಾನು ನೋಡಿದ್ದೆ.”

ಡಾಕ್ಟರು ಅಗಿಯುವುದನ್ನು ನಿಲ್ಲಿಸಿದರು. “ನಾನೂ ನೋಡಿದ್ದೆ” ಅಂದರು.

ಕೀಲಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಹನ್ನೊಂದು ವರ್ಷ ಒಬ್ಬಳೇ ಹೊತ್ತದ್ದನ್ನು ಈ ಮನುಷ್ಯ ತುಟಿ ಪಿಟಕ್ಕೆನ್ನದೆ ಜೊತೆಯಲ್ಲೇ ಹೊತ್ತಿದ್ದನೇ! “ನೀವಾದ್ರೂ ಒಂದು ಮಾತು ಆಡ್ಬಾರ್ದಿತ್ತೇ?”

“ನೀವು ಆಡ್ತೀರಿ ಅಂದ್ಕೊಂಡೆ. ನಿಮ್ಮ ಕೈಯಲ್ಲಿತ್ತಲ್ಲ ಕಾಲು.” ಅವರು ನೀರು ಕುಡಿದರು. “ಈಗ ಕೆದಕಬೇಡಿ ಮೇಡಂ. ಅವನು ಖುಷಿಯಾಗಿದ್ದಾನೆ. ಆ ಕಾಗದ ಬಿಟ್ರೆ ಅವನ ಹತ್ತಿರ ಇನ್ನೇನಿದೆ? ಅದನ್ನೂ ಕಿತ್ಕೊಂಡು ಏನು ಕೊಡ್ತೀರಿ?”

ಆ ಪ್ರಶ್ನೆ ಸುಳ್ಳಲ್ಲ. ಅವಳು ಆ ದಿನವೆಲ್ಲ ಅದನ್ನೇ ಮೆಲುಕು ಹಾಕಿದಳು. ಹೇಳಿದರೆ ಅವನ ತಾಯಿಯ ಸಂಭ್ರಮ ಸುಳ್ಳಾಗುತ್ತದೆ, ಬಾಗಿಲ ಮೇಲಿನ ಗಾಜು ಸುಳ್ಳಾಗುತ್ತದೆ, ಆಡಬಹುದಾಗಿದ್ದ ವರ್ಷಗಳು ಎದ್ದು ಬಂದು ಅವನೆದುರು ನಿಲ್ಲುತ್ತವೆ. ಹೇಳದಿದ್ದರೆ ಅವನು ಸಾಯುವ ತನಕ ತನ್ನ ತೊಡೆಗೆ ತಾನು ಹೊಡೆದುಕೊಳ್ಳುತ್ತಾನೆ. ಹೇಗೆ ತೂಗಿದರೂ ಆ ಚಟ್ ಅನ್ನುವ ಏಟು ಅವಳ ಕಿವಿಯಿಂದ ಹೋಗಲಿಲ್ಲ. ಹೇಳಿದರೆ ತನಗೆ ಹಗುರಾದೀತು ಅನ್ನುವ ಆಸೆಯೂ ಒಳಗೆಲ್ಲೋ ಕೂತಿತ್ತು. ಅದಕ್ಕೆ ನಾಚಿಕೆಯಾಯಿತು. ನಾಚಿಕೆಯಾದ ಮಾತ್ರಕ್ಕೆ ಆಸೆ ಹೋಗಲಿಲ್ಲ.

ಮರುದಿನ ಬಡಗಿಯನ್ನು ನೋಡಿ ಮುಗಿಸಿದ ಮೇಲೆ ಅವಳು ಪಂದ್ಯಾವಳಿಯ ಮುಖ್ಯಸ್ಥರಿಗೆ ಒಂದು ಪುಟದ ಪತ್ರ ಬರೆದಳು. ಬೆರಳು ಕಂಡದ್ದು, ಕೇಳದೆ ಬಿಟ್ಟದ್ದು, ಮೆಟ್ಟಿಲಲ್ಲಿ ಕಂಡ ಮೇಲೂ ಬಾಯಿ ಮುಚ್ಚಿಕೊಂಡದ್ದು, ಎಲ್ಲವನ್ನೂ ಬರೆದಳು. ಡಾಕ್ಟರ ಹೆಸರು ಬರೆಯಲಿಲ್ಲ. ಅದು ಅವರು ಬರೆಯಬೇಕಾದ ಪತ್ರ. ಮುಖ್ಯಸ್ಥರು ಎರಡು ಸಲ ಓದಿ, ಕನ್ನಡಕ ತೆಗೆದು, “ಇವತ್ತಿನಿಂದ ನೀವು ಮೇಜಿನ ಹತ್ತಿರ ಬರೋದು ಬೇಡ” ಅಂದರು. ಮೆತ್ತಗೇ ಅಂದರು. ಅವಳು ಕೊರಳಿನ ಗುರುತಿನ ಚೀಟಿ ಬಿಚ್ಚಿ ಕೊಟ್ಟು ಮೈದಾನಕ್ಕೆ ಹೋದಳು.

ಬಡಗಿಯ ಮೊದಲ ಪಂದ್ಯ ಶುರುವಾಗಿತ್ತು. ರಟ್ಟಣ್ಣ ಗೆರೆಯಾಚೆಯ ಬೆಂಚಿನ ತುದಿಯಲ್ಲಿ ಕೂತು ಪಕ್ಕದ ಡ್ರಮ್ಮಿನ ನಲ್ಲಿಯಿಂದ ಬಾಟಲಿಗಳಿಗೆ ನೀರು ತುಂಬಿಸುತ್ತಿದ್ದ. ಅವಳನ್ನು ಕಂಡು ಎದ್ದು ಜಾಗ ಮಾಡಿಕೊಟ್ಟ.

“ನೋಡಿ ಮೇಡಂ, ನಮ್ಮ ಬಡಗಿ ಹೇಗೆ ನುಗ್ತಾನೆ! ನಿನ್ನೆ ಕಾಲು ಇಷ್ಟು ಸಡಿಲ ಇತ್ತು, ಇವತ್ತು ಯಾಕೆ ಬಿಗಿದುಕೊಂಡಿತೋ. ಆದ್ರೂ ನೀವು ಆಡೋಕೆ ಬಿಟ್ರಿ. ದೊಡ್ಡ ಮನಸ್ಸು.”

“ದೊಡ್ಡ ಮನಸ್ಸಲ್ಲಪ್ಪ. ಕೂತ್ಕೋ. ನಿನ್ನ ಹತ್ತಿರ ಒಂದು ಮಾತಿದೆ.”

ಕೂತ. ಅವಳು ಹೇಳಿದಳು. ಸುತ್ತಿಬಳಸದೆ, ಮಕ್ಕಳ ತಾಯಂದಿರಿಗೆ ಹೇಳುವ ಮಾತಿನಲ್ಲೇ. “ಬಿಸಿನೀರಿಗೆ ಬಿಗಿತ ಸಡಿಲ ಆಗುತ್ತೆ. ಒಂದು ಗಂಟೆ, ಹೆಚ್ಚಂದ್ರೆ ಎರಡು ಗಂಟೆ. ಆಮೇಲೆ ವಾಪಸ್ ಬರುತ್ತೆ. ಆವತ್ತು ನೀನು ನೀರಲ್ಲಿ ಕಾಲಿಟ್ಟು ಬಂದಿದ್ದೆ. ನನಗೆ ಗೊತ್ತಾಯ್ತು. ಬೆರಳು ನೋಡಿದೆ. ಆದ್ರೂ ಕೇಳಲಿಲ್ಲ. ನಿನ್ನ ಕಾಲು ವಾಸಿ ಆಗಿರಲಿಲ್ಲ. ಇದು ವಾಸಿ ಆಗೋ ಅಂಥದ್ದೇ ಅಲ್ಲ. ನೀನು ಆಡಬಹುದಿತ್ತು. ನಾನು ಬರೆದದ್ದು ತಪ್ಪು.”

ಅವನು ನೀರು ತುಂಬಿಸುತ್ತಲೇ ಇದ್ದ. ಬಾಟಲಿ ತುಂಬಿ ಹರಿದು ಅವನ ಷೂಸು ನೆನೆಯಿತು. ಆಮೇಲೆ ನಲ್ಲಿ ನಿಲ್ಲಿಸಿದ.

“ಒಂದು ಮಾತು ಕೇಳಬಹುದಿತ್ತು ನೀವು.”

“ಕೇಳಬಹುದಿತ್ತು.”

“ಕೇಳಿದ್ರೆ ಹೇಳ್ತಿದ್ದೆ. ನಾನೇನು ಮುಚ್ಚಿಡ್ತಿರಲಿಲ್ಲ. ಭೇಷ್ ಅಂತೀರಿ ಅಂತ ನಾನು…” ಮೈದಾನದಲ್ಲಿ ಯಾರೋ ಗೋಲು ಹೊಡೆದರು, ಜನ ಎದ್ದು ಕೂಗಿದರು. ಅವನು ತಿರುಗಿಯೂ ನೋಡಲಿಲ್ಲ. “ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಹೇಳಿದ್ರಿ? ನಿಮಗೆ ಹಗುರಾಗ್ಲಿ ಅಂತಾನಾ?”

“ಅದೂ ಇದೆ,” ಅಂದಳು ಕೀಲಮ್ಮ. ಸುಳ್ಳು ಹೇಳಲು ಬಾಯಿ ಬರಲಿಲ್ಲ. “ನಿನ್ನೆ ನೀನು ನಿನ್ನ ತೊಡೆಗೆ ಹೊಡ್ಕೊಂಡೆಯಲ್ಲ, ಅದನ್ನ ನೋಡೋಕಾಗ್ಲಿಲ್ಲ. ಅದಕ್ಕೂ ಹೇಳಿದೆ.”

ಅವನು ತನ್ನ ಬಲಗಾಲನ್ನೇ ನೋಡಿದ. ನೆನೆದ ಷೂಸನ್ನು, ಸವೆದ ಅದರ ತುದಿಯನ್ನು, ಯಾರದೋ ಕಾಲು ನೋಡುವ ಹಾಗೆ ನೋಡಿದ.

“ಹಾಗಾದ್ರೆ ನಾನು ಸೋಮಾರಿ ಅಲ್ವಾ?”

“ಅಲ್ಲಪ್ಪ. ಒಂದು ದಿನವೂ ಅಲ್ಲ.”

ಕೀಲಮ್ಮನ ಕಣ್ಣು ತುಂಬಿ ಬಂತು. ಅವನ ಭುಜ ಮುಟ್ಟಲು ಕೈ ಎತ್ತಿದಳು, ಆ ಹಕ್ಕು ತನಗಿಲ್ಲವೆನ್ನಿಸಿ ಇಳಿಸಿದಳು.

“ಅಮ್ಮ ಹೋಗೋ ದಿನ ಆಸ್ಪತ್ರೆಯಲ್ಲಿ ಔಷಧಿ ತರೋಕೆ ಎದ್ದೆ,” ಅಂದ ಅವನು. “ಕಾಲು ಎಳೀತು. ಅಷ್ಟು ಸುಸ್ತಿನಲ್ಲೂ ಕಣ್ಣು ಬಿಟ್ಟು, ಎತ್ತಿ ನಡಿಯೋ ಅಂದ್ರು. ಆಯ್ತಮ್ಮ, ಇನ್ಮೇಲೆ ಎತ್ತಿ ನಡೀತೀನಿ ಅಂದೆ. ವಾಪಸ್ ಬರೋ ಹೊತ್ತಿಗೆ ಇರಲಿಲ್ಲ. ನನ್ನ ಮಗ ಬೇಕೂಂತ ಹೀಗೆ ಮಾಡ್ತಾನೆ ಅಂತಾನೇ ತಿಳ್ಕೊಂಡು ಹೋದ್ರು. ಅವರಿಗೆ ಯಾರು ಹೇಳ್ತಾರೆ ಮೇಡಂ? ನೀವು ಹೇಳ್ತೀರಾ?”



ಅರ್ಧ ಆಟ ಮುಗಿದ ಶಿಳ್ಳೆ ಕೇಳಿಸಿತು. ಆಟಗಾರರು ಏದುಸಿರು ಬಿಡುತ್ತ ಗೆರೆಯ ಕಡೆ ಬಂದರು. ರಟ್ಟಣ್ಣ ಕಣ್ಣೊರೆಸಿಕೊಂಡು, ಬಾಟಲಿಗಳನ್ನು ಎದೆಗವಚಿಕೊಂಡು ಎದ್ದ. ಒಂದು ಹೆಜ್ಜೆಗೆ ಮಂಡಿಯನ್ನು ಎದೆಯ ತನಕ ಎತ್ತಿದ. ಎತ್ತಿದವನು ಹಾಗೇ ಒಂದು ಕ್ಷಣ ನಿಂತ. ಆಮೇಲೆ ಕಾಲು ಇಳಿಸಿ, ಅದು ಹೇಗೆ ಬರುತ್ತದೋ ಹಾಗೆ ಬಿಟ್ಟು ನಡೆದ. ಷೂಸಿನ ತುದಿ ಹುಲ್ಲಿನ ಮೇಲೆ ಎಳೆದುಕೊಂಡು ಹೋಯಿತು. ಅವನು ಅದಕ್ಕೆ ಬಯ್ಯಲಿಲ್ಲ.

ಬಡಗಿ ಬಾಟಲಿ ತೆಗೆದುಕೊಳ್ಳುತ್ತ ಗಾಬರಿಯಿಂದ ಕೇಳಿದ, “ಅಣ್ಣಾ, ಕಾಲಿಗೆ ಏನಾಯ್ತು?”

“ಏನೂ ಆಗಿಲ್ಲ ಕಣೋ,” ಅಂದ ಅವನು. “ಇದು ಮುಂಚಿಂದ್ಲೂ ಹೀಗೇ ಇತ್ತು.”